ನಮ್ಮ ಖಾತೆ, ಅವರ ಬೀಗ

ಊಟಿಗೂ ಕೂನೂರಿಗೂ ನಡುವಿನ ಕೆತ್ತಿ ಕಣಿವೆಯಲ್ಲಿ ದುಡ್ಡು ಓಡಾಡುವ ದಾರಿಯೇ ಈಗ ಬೇರೆ. ಫ್ಯಾಕ್ಟರಿಗೆ ಹಾಕಿದ ಚಹಾ ಎಲೆಯ ಬಾಬ್ತು ಬ್ಯಾಂಕ್ ಖಾತೆಗೆ ಬೀಳುತ್ತದೆ. ಮೆಟ್ಟುಪಾಳ್ಯಂ ಮಂಡಿಗೆ ಹೋದ ಕ್ಯಾರೆಟ್, ಆಲೂಗಡ್ಡೆಯ ಲೆಕ್ಕ ವಾಟ್ಸ್ಆ್ಯಪ್‌ನಲ್ಲಿ ಬರುತ್ತದೆ. ಅರುವಂಕಾಡಿನ ಕಾರ್ಡೈಟ್ ಫ್ಯಾಕ್ಟರಿಯಿಂದ ನಿವೃತ್ತರಾದವರ ಪಿಂಚಣಿ, ಎಲ್ಲನಹಳ್ಳಿಯ ಸೂಜಿ ಕಾರ್ಖಾನೆಯ ಸಂಬಳ, ಬೆಂಗಳೂರು–ಕೊಯಮತ್ತೂರುಗಳಲ್ಲಿ ದುಡಿಯುವ ಮಕ್ಕಳು ಕಳಿಸುವ ಹಣ, ಮಸಿನಗುಡಿಯ ಹೋಂಸ್ಟೇಗೆ ಬರುವ ಬುಕಿಂಗ್, ಎಲ್ಲವೂ ಫೋನಿನೊಳಗೆ. ಬಹಳ ಮನೆಗಳಲ್ಲಿ ಇಷ್ಟೆಲ್ಲ ನಿಂತಿರುವುದು ಒಂದೇ ಒಂದು ಮೊಬೈಲ್ ಸಂಖ್ಯೆಯ ಮೇಲೆ.

ಈ ಬದುಕಿನ ಬಗ್ಗೆ ಜನ ಎರಡು ದೂರು ಹೇಳುತ್ತಾರೆ. ಖಾತೆ ಇದ್ದಕ್ಕಿದ್ದಂತೆ ಮುಚ್ಚಿಹೋಯಿತು, ಕಂಪನಿಯಲ್ಲಿ ಮಾತಾಡಿಸುವವರೇ ಇಲ್ಲ ಎನ್ನುವುದು ಒಂದು. ಯಾರೋ ಖಾತೆಯೊಳಗೆ ನುಗ್ಗಿ ದೋಚಿದರು ಎನ್ನುವುದು ಇನ್ನೊಂದು. ಪತ್ರಿಕೆಗಳು ಮೊದಲನೆಯದನ್ನು ಗ್ರಾಹಕರ ಅಳಲು ಎಂದೂ ಎರಡನೆಯದನ್ನು ಸೈಬರ್ ಅಪರಾಧ ಎಂದೂ ಬೇರೆ ಬೇರೆ ಪುಟಗಳಲ್ಲಿ ಹಾಕುತ್ತವೆ. ಆದರೆ ಎರಡರ ಬೇರು ಒಂದೇ. ಕಂಪನಿಗೆ ಗೊತ್ತಿರುವುದು ಒಂದು ಸಂಖ್ಯೆ, ಒಂದು ಪಾಸ್‌ವರ್ಡ್, ಒಂದು ಫೋನು; ಅವುಗಳ ಹಿಂದಿರುವ ಮನುಷ್ಯನನ್ನು ಗುರುತಿಸಲು ಅದು ಯಾರನ್ನೂ ನೇಮಿಸಿಲ್ಲ. ಹಾಗಾಗಿಯೇ ಅದೇ ವ್ಯವಸ್ಥೆ ಒಳಗೆ ಬಿಡಬೇಕಾದವರನ್ನು ಹೊರಗೆ ನಿಲ್ಲಿಸುತ್ತದೆ, ಹೊರಗೆ ನಿಲ್ಲಿಸಬೇಕಾದವರನ್ನು ಒಳಗೆ ಬಿಡುತ್ತದೆ.

ಕೇಳುವವರು ಯಾರು?

ಗುಜರಾತಿನ ಒಬ್ಬ ಕಂಪ್ಯೂಟರ್ ಎಂಜಿನಿಯರ್ ತನ್ನ ಬಾಲ್ಯದ ಫೋಟೊಗಳನ್ನು ಗೂಗಲ್ ಡ್ರೈವ್‌ಗೆ ಹಾಕಿದ್ದರು. ಎರಡು ವರ್ಷದವರಿದ್ದಾಗ ಅಜ್ಜಿ ಸ್ನಾನ ಮಾಡಿಸುತ್ತಿದ್ದ ಚಿತ್ರವೂ ಅದರಲ್ಲಿತ್ತು. ಯಂತ್ರ ಅದನ್ನು ಮಕ್ಕಳ ಶೋಷಣೆಯ ಚಿತ್ರವೆಂದು ಎಣಿಸಿತು. 2023ರ ಮೇ ತಿಂಗಳಲ್ಲಿ ಖಾತೆ ನಿಂತಿತು, ಅದರ ಜತೆಗೆ ವ್ಯವಹಾರದ ಮೇಲ್‌ಗಳೂ ನಿಂತವು. ಕಂಪನಿಯ ದೂರು ವಿಭಾಗದಿಂದ ಪರಿಹಾರ ಸಿಗದೆ ಅವರು ಗುಜರಾತ್ ಹೈಕೋರ್ಟ್ ಮೆಟ್ಟಿಲೇರಿದರು. 2024ರ ಮಾರ್ಚ್‌ನಲ್ಲಿ ನ್ಯಾಯಾಲಯ ನೋಟಿಸ್ ಹೊರಡಿಸಿತು. ಅಮೆರಿಕದಲ್ಲೂ ಇಂಥದ್ದೇ ಆಗಿತ್ತು. ಡಾಕ್ಟರಿಗೆ ತೋರಿಸಲೆಂದು ಮಗನ ಫೋಟೊ ತೆಗೆದ ತಂದೆಯ ತಪ್ಪಿಲ್ಲವೆಂದು ಪೊಲೀಸರೇ ಹೇಳಿದರೂ ಗೂಗಲ್ ಖಾತೆ ಮರಳಿಸಲಿಲ್ಲ ಎಂದು 2022ರಲ್ಲಿ ನ್ಯೂಯಾರ್ಕ್ ಟೈಮ್ಸ್ ವರದಿ ಮಾಡಿತು.

2025ರ ಅಕ್ಟೋಬರ್‌ನಲ್ಲಿ ಇನ್ನೊಂದು ಪ್ರಕರಣ ಸುಪ್ರೀಂ ಕೋರ್ಟಿಗೇ ಹೋಯಿತು. ವರ್ಷಗಳಿಂದ ರೋಗಿಗಳೊಡನೆ ಮಾತಿಗೆ ಬಳಸುತ್ತಿದ್ದ ಕ್ಲಿನಿಕ್ಕಿನ ವಾಟ್ಸ್ಆ್ಯಪ್ ಖಾತೆಯನ್ನು ಕಾರಣ ಹೇಳದೆ ಮುಚ್ಚಲಾಗಿತ್ತು. ವಾಟ್ಸ್ಆ್ಯಪ್ ಸರ್ಕಾರವೇ, ಅದನ್ನು ಬಳಸುವುದು ಮೂಲಭೂತ ಹಕ್ಕೇ ಎಂದು ಪೀಠ ಕೇಳಿತು. ತಮಿಳುನಾಡಿನ ಜೋಹೊ ಕಂಪನಿಯ ಅರಟ್ಟೈ ಇದೆಯಲ್ಲ, ಅದನ್ನು ಬಳಸಿ ಎಂದೂ ಹೇಳಿತು. ಕಾನೂನಿನ ಲೆಕ್ಕದಲ್ಲಿ ಪೀಠದ ಪ್ರಶ್ನೆ ಸರಿ, ಖಾಸಗಿ ಕಂಪನಿಯ ಮೇಲೆ ಮೂಲಭೂತ ಹಕ್ಕಿನ ಅರ್ಜಿ ನಿಲ್ಲುವುದು ಕಷ್ಟ. ಆದರೆ ರೋಗಿಗಳೆಲ್ಲ ವಾಟ್ಸ್ಆ್ಯಪ್‌ನಲ್ಲಿರುವಾಗ ಡಾಕ್ಟರು ಒಬ್ಬರೇ ಬೇರೆ ಆ್ಯಪ್‌ಗೆ ಹೋಗಿ ಮಾಡುವುದೇನು? ಎಲ್ಲರೂ ಇರುವಲ್ಲಿಯೇ ನಾವೂ ಇರಬೇಕಾಗಿ ಬರುವುದೇ ಈ ಕಂಪನಿಗಳ ಬಲ.

ಕಂಪನಿಗಳ ಕಡೆಯ ವಾದವನ್ನೂ ಕೇಳಬೇಕು. ಕೋಟಿಗಟ್ಟಲೆ ಬಳಕೆದಾರರಿರುವಲ್ಲಿ ಒಬ್ಬೊಬ್ಬರಿಗೂ ಫೋನ್ ಎತ್ತುವುದು ಆಗದ ಮಾತು. ಮೇಲಾಗಿ ಸಹಾಯವಾಣಿಯನ್ನೇ ಏಮಾರಿಸಿ ಬೇರೆಯವರ ಖಾತೆ ಕೈವಶ ಮಾಡಿಕೊಳ್ಳುವ ಕಳ್ಳರಿದ್ದಾರೆ, ಯಂತ್ರ ಹಾಗೆ ಮರುಳಾಗುವುದಿಲ್ಲ ಎನ್ನುತ್ತಾರೆ. ಇದರಲ್ಲಿ ಅರ್ಧ ಸತ್ಯವಿದೆ. ಉಳಿದರ್ಧವನ್ನು ಬೆಲೆಪಟ್ಟಿ ಹೇಳುತ್ತದೆ. 2023ರ ಜೂನ್‌ನಲ್ಲಿ ಮೆಟಾ ಭಾರತದಲ್ಲಿ ತಿಂಗಳಿಗೆ 699 ರೂಪಾಯಿಯ ಮೆಟಾ ವೆರಿಫೈಡ್ ಚಂದಾ ತಂದಿತು. ನೀಲಿ ಗುರುತಿನ ಜತೆಗೆ ಅದು ಕೊಡುವ ಸವಲತ್ತುಗಳಲ್ಲೊಂದು ಖಾತೆಯ ತೊಂದರೆಗೆ ಸಿಬ್ಬಂದಿಯ ನೆರವು. ಅಂದರೆ ಮನುಷ್ಯರು ಇದ್ದಾರೆ, ಅವರಿಗೆ ದರ ಇದೆ. 2024ರ ಮಾರ್ಚ್‌ನಲ್ಲಿ ಅಮೆರಿಕದ ರಾಜ್ಯಮಟ್ಟದ 41 ಅಟಾರ್ನಿ ಜನರಲ್‌ಗಳು ಮೆಟಾಗೆ ಒಟ್ಟಾಗಿ ಪತ್ರ ಬರೆದರು. ಖಾತೆ ಕಳೆದುಕೊಂಡವರು ತಮ್ಮ ಕಚೇರಿಗಳಿಗೆ ಬಂದು ದೂರುತ್ತಿದ್ದಾರೆ, ನಿಮ್ಮ ಗ್ರಾಹಕ ಸೇವೆಯ ಕೆಲಸ ನಾವು ಮಾಡುವುದಿಲ್ಲ ಎನ್ನುವುದು ಅದರ ತಾತ್ಪರ್ಯ.

ನಮ್ಮಲ್ಲಿ ಇದಕ್ಕೊಂದು ಕಾನೂನಿನ ಗಂಟೂ ಸೇರಿಕೊಂಡಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪುಕ್ಕಟೆಯಾಗಿ ಕೊಡುವ ಸೇವೆಯನ್ನು ‘ಸೇವೆ’ಯ ವ್ಯಾಖ್ಯೆಯಿಂದಲೇ ಹೊರಗಿಟ್ಟಿದೆ. ಉಚಿತ ಇಮೇಲ್, ಉಚಿತ ಇನ್‌ಸ್ಟಾಗ್ರಾಂ ಬಳಸುವವನು ಹಾಗಾಗಿ ಸುಲಭಕ್ಕೆ ‘ಗ್ರಾಹಕ’ ಆಗುವುದಿಲ್ಲ. ನಮ್ಮ ಮಾಹಿತಿ ತೋರಿಸಿ ಜಾಹೀರಾತು ಮಾರಿದ್ದು ಬೆಲೆಯಲ್ಲವೇ ಎಂಬ ಪ್ರಶ್ನೆಗೆ ಕಾಯ್ದೆಯ ಅಕ್ಷರಗಳಲ್ಲಿ ಉತ್ತರವಿಲ್ಲ.

ಕಳ್ಳರು ಬರುವ ದಾರಿ

2023ರಲ್ಲಿ ದೇಶದಲ್ಲಿ ಸೈಬರ್ ವಂಚನೆಯಿಂದ ಹೋದ ಹಣ 7,465 ಕೋಟಿ ರೂಪಾಯಿ, 2024ರಲ್ಲಿ 22,845 ಕೋಟಿ. ಇದು ಕೇಂದ್ರ ಸರ್ಕಾರ ಲೋಕಸಭೆಗೆ ಕೊಟ್ಟ ಲೆಕ್ಕ. ಇಷ್ಟು ಹಣದಲ್ಲಿ ಪಾಸ್‌ವರ್ಡನ್ನು ಲೆಕ್ಕ ಹಾಕಿ ಒಡೆದು ಕದ್ದದ್ದು ಕಡಿಮೆ. ಹೆಚ್ಚಿನ ಸಂದರ್ಭಗಳಲ್ಲಿ ಕೀಲಿಯನ್ನು ನಮ್ಮ ಕೈಯಿಂದಲೇ ಈಸಿಕೊಳ್ಳುತ್ತಾರೆ.

ನೀಲಗಿರಿಯಲ್ಲಿ ಪಿಂಚಣಿದಾರರು ಹೆಚ್ಚು. ನವೆಂಬರ್ ಬಂತೆಂದರೆ ಜೀವನ ಪ್ರಮಾಣಪತ್ರದ ಹೊತ್ತು. ‘ಪಿಂಚಣಿ ಕಚೇರಿಯಿಂದ ಮಾತಾಡುತ್ತಿದ್ದೇವೆ, ಪ್ರಮಾಣಪತ್ರ ಇಲ್ಲಿಂದಲೇ ಮುಗಿಸಿಕೊಡುತ್ತೇವೆ, ಒಟಿಪಿ ಹೇಳಿ’ ಎಂಬ ಕರೆಗಳ ಹೊತ್ತೂ ಅದೇ. ಮದುವೆ ಕರೆಯೋಲೆ, ವಾಹನದ ದಂಡದ ಚೀಟಿ, ಪಿಎಂ ಕಿಸಾನ್ ಕಂತು ಎಂಬ ಹೆಸರಿನಲ್ಲಿ ವಾಟ್ಸ್ಆ್ಯಪ್‌ಗೆ ಬರುವ ಎಪಿಕೆ ಫೈಲ್ ಮತ್ತೊಂದು ಬಗೆ. ಒತ್ತಿದರೆ ಫೋನಿಗೆ ಬರುವ ಸಂದೇಶಗಳನ್ನೆಲ್ಲ ಓದುವ ಆ್ಯಪ್ ಕೂತುಬಿಡುತ್ತದೆ. ಊರಿನ ಗುಂಪಿನಲ್ಲಿ ಪರಿಚಿತರ ಹೆಸರಿನಿಂದಲೇ ಬಂದದ್ದರಿಂದ ಅನುಮಾನವೂ ಹುಟ್ಟುವುದಿಲ್ಲ. ಪಾಪ, ಆ ಪರಿಚಿತರ ಖಾತೆ ಅದಾಗಲೇ ಕೈತಪ್ಪಿರುತ್ತದೆ. ಕೊರಿಯರ್‌ನವರೆಂದು ಹೇಳಿ ನಕ್ಷತ್ರದ ಗುರುತಿನಿಂದ ಶುರುವಾಗುವ ಸಂಖ್ಯೆ ಒತ್ತಿಸಿ, ನಮ್ಮ ಕರೆಗಳನ್ನು ತಮ್ಮ ಫೋನಿಗೆ ತಿರುಗಿಸಿಕೊಳ್ಳುವುದು ಮೂರನೆಯದು. ಇದರ ಹಾವಳಿ ಎಷ್ಟಿತ್ತೆಂದರೆ ಹೀಗೆ ಕೋಡ್ ಒತ್ತಿ ಕರೆ ತಿರುಗಿಸುವ ಸೌಲಭ್ಯವನ್ನೇ 2024ರ ಏಪ್ರಿಲ್ 15ರಿಂದ ನಿಲ್ಲಿಸುವಂತೆ ದೂರಸಂಪರ್ಕ ಇಲಾಖೆ ಕಂಪನಿಗಳಿಗೆ ಹೇಳಿತು.

ಹೋಂಸ್ಟೇ, ಲಾಡ್ಜ್ ನಡೆಸುವವರಿಗೆ ಗೂಗಲ್ ಮ್ಯಾಪ್ಸ್‌ನ ಫೋನ್ ಸಂಖ್ಯೆಯೇ ಅಂಗಡಿಯ ಬೋರ್ಡು. ಅದನ್ನು ಯಾರು ಬೇಕಾದರೂ ತಿದ್ದಲು ಸೂಚಿಸಬಹುದು. 2018ರಲ್ಲಿ ಮುಂಬೈ ಕಡೆ ವಂಚಕರು ಬ್ಯಾಂಕ್ ಶಾಖೆಗಳ ಸಂಖ್ಯೆಯ ಜಾಗದಲ್ಲಿ ತಮ್ಮದನ್ನು ಹಾಕಿ, ಕರೆ ಮಾಡಿದ ಗ್ರಾಹಕರಿಂದ ಕಾರ್ಡಿನ ವಿವರ ಪಡೆದದ್ದು ಬೆಳಕಿಗೆ ಬಂತು. ಇಲ್ಲಿ ಕಂಪನಿಯ ಸಡಿಲತನವೇ ಕಳ್ಳರಿಗೆ ಬಾಗಿಲಾಯಿತು.

‘ಡಿಜಿಟಲ್ ಅರೆಸ್ಟ್’ ಎಂಬುದು, ಪೊಲೀಸರೆಂದು ಹೇಳಿಕೊಂಡು ವಿಡಿಯೊ ಕರೆಯಲ್ಲೇ ‘ಬಂಧಿಸಿ’ ಹಣ ಕೀಳುವ, ಭಯವನ್ನೇ ಬಂಡವಾಳ ಮಾಡಿಕೊಂಡ ವಂಚನೆ. 2024ರ ಅಕ್ಟೋಬರ್ 27ರ ಮನ್ ಕಿ ಬಾತ್‌ನಲ್ಲಿ ಪ್ರಧಾನಿ ಕೇಳಿಸಿದ ಧ್ವನಿಮುದ್ರಿಕೆ ನಮ್ಮ ವಿಜಯಪುರದವರೊಬ್ಬರಿಗೆ ಬಂದ ಕರೆಯದು. ಅವರು ಹೆದರದೆ ಅದನ್ನು ದಾಖಲಿಸಿಕೊಂಡಿದ್ದರು. ವಿಡಿಯೊ ಕರೆಯಲ್ಲಿ ಬಂಧಿಸುವ ಕಾನೂನು ಈ ದೇಶದಲ್ಲಿಲ್ಲ. 2025ರ ಡಿಸೆಂಬರ್ 1ರಂದು ಸುಪ್ರೀಂ ಕೋರ್ಟ್ ಇಂಥ ಪ್ರಕರಣಗಳ ತನಿಖೆಯನ್ನು ಸಿಬಿಐಗೆ ಒಪ್ಪಿಸಿತು.

ತಪ್ಪು ಯಾರ ತಲೆಗೆ?

ಒಟಿಪಿ ಹೇಳಿದ್ದು ನೀವೇ ತಾನೇ ಎಂಬ ಒಂದು ಮಾತಿನಿಂದ ಬ್ಯಾಂಕು, ಕಂಪನಿ, ಕೆಲವೊಮ್ಮೆ ಪೊಲೀಸರೂ ಚರ್ಚೆ ಮುಗಿಸುತ್ತಾರೆ. ಆದರೆ ಕರೆ ಮಾಡಿದವನಿಗೆ ನಮ್ಮ ಹೆಸರು, ಜನ್ಮದಿನ, ಪಾಲಿಸಿ ಸಂಖ್ಯೆ ಗೊತ್ತಾದದ್ದು ಹೇಗೆ? 2020ರಲ್ಲಿ ಬೆಂಗಳೂರಿನ ಬಿಗ್‌ಬಾಸ್ಕೆಟ್‌ನ ಸುಮಾರು 2 ಕೋಟಿ ಗ್ರಾಹಕರ ವಿವರ ಸೋರಿತು. 2024ರಲ್ಲಿ ಚೆನ್ನೈನ ಸ್ಟಾರ್ ಹೆಲ್ತ್ ವಿಮಾ ಕಂಪನಿಯ ಗ್ರಾಹಕರ ಮಾಹಿತಿ, ವೈದ್ಯಕೀಯ ವರದಿಗಳೂ ಸೇರಿ, ಟೆಲಿಗ್ರಾಂನಲ್ಲಿ ಸಿಗತೊಡಗಿತು. ಇಂಥ ಸೋರಿಕೆ ಗಮನಕ್ಕೆ ಬಂದ 6 ಗಂಟೆಯೊಳಗೆ ಕೇಂದ್ರದ ಸೈಬರ್ ಭದ್ರತಾ ಸಂಸ್ಥೆಯಾದ ಸರ್ಟ್-ಇನ್‌ಗೆ ತಿಳಿಸಬೇಕೆಂದು 2022ರ ಏಪ್ರಿಲ್‌ನ ಆದೇಶ ಹೇಳುತ್ತದೆ. ಯಾರ ವಿವರ ಹೋಯಿತೋ ಅವರಿಗೆ ತಿಳಿಸಬೇಕೆಂಬ ಮಾತು ಅದರಲ್ಲಿರಲಿಲ್ಲ. ಕಳ್ಳನ ಮಾತು ನಂಬುವಂತಾಗುವುದು ಇಂಥ ಮಾಹಿತಿಯಿಂದ. ಅದನ್ನು ಬಿಟ್ಟುಕೊಟ್ಟವರು ಹೊಣೆಯಲ್ಲಿ ಪಾಲು ತೆಗೆದುಕೊಳ್ಳದೆ ಕೊನೆಯ ಕ್ಷಣದ ಎಚ್ಚರಗೇಡನ್ನಷ್ಟೇ ಎಣಿಸುವುದು ನ್ಯಾಯವಲ್ಲ.

ಬೇರೆ ದೇಶಗಳು ಈ ಹೊಣೆಯನ್ನು ಹಂಚಿ ನೋಡುತ್ತಿವೆ. ಬ್ರಿಟನ್‌ನಲ್ಲಿ 2024ರ ಅಕ್ಟೋಬರ್ 7ರಿಂದ, ಮೋಸಹೋಗಿ ತಾವೇ ಹಣ ಕಳಿಸಿದವರಿಗೂ 85,000 ಪೌಂಡ್‌ವರೆಗೆ ಬ್ಯಾಂಕುಗಳು ಮರಳಿ ಕೊಡಬೇಕು. ಕಳಿಸಿದ ಬ್ಯಾಂಕು, ಪಡೆದ ಬ್ಯಾಂಕು ಸಮವಾಗಿ ಹೊರಬೇಕು. ಸಿಂಗಪುರ ಅದೇ ಡಿಸೆಂಬರ್‌ನಲ್ಲಿ ತಂದ ಚೌಕಟ್ಟಿನಲ್ಲಿ ದೂರಸಂಪರ್ಕ ಕಂಪನಿಗಳಿಗೂ ಪಾಲಿದೆ. ಎರಡೂ ಕಡೆ ನುಣುಚಿಕೊಂಡಿರುವುದು ವಂಚಕರ ಜಾಹೀರಾತು, ಸಂದೇಶಗಳನ್ನು ಹೊತ್ತು ತರುವ ಸಾಮಾಜಿಕ ಜಾಲತಾಣಗಳು.

ಇರುವ ಬಾಗಿಲುಗಳು

ಹಣ ಹೋದರೆ ಮೊದಲು ಸಹಾಯವಾಣಿ ಸಂಖ್ಯೆ 1930ಕ್ಕೆ ಕರೆ, ಇಲ್ಲವೇ ಸೈಬರ್‌ಕ್ರೈಂ ಪೋರ್ಟಲ್‌ನಲ್ಲಿ ದೂರು. ಹಣ ಇನ್ನೂ ಯಾವುದಾದರೂ ಖಾತೆಯಲ್ಲಿ ನಿಂತಿದ್ದರೆ ತಡೆಯಬಹುದು. ಈ ವ್ಯವಸ್ಥೆ 2021ರಲ್ಲಿ ಶುರುವಾದಂದಿನಿಂದ 2025ರ ಮಧ್ಯದವರೆಗೆ ಉಳಿದದ್ದು 5,489 ಕೋಟಿ ರೂಪಾಯಿ. ಒಂದು ವರ್ಷದ ನಷ್ಟದ ಮುಂದೆ ಇದು ಚಿಕ್ಕದೇ, ಆದರೆ ಉಳಿದಿದ್ದು ಹೆಚ್ಚಾಗಿ ತಡಮಾಡದೆ ದೂರಿದವರದು. ಊಟಿಯ ಸೈಬರ್ ಠಾಣೆಗೆ ಆಮೇಲೆ ಹೋದರಾಯಿತು, ಕರೆ ಮಾತ್ರ ಕೂತಲ್ಲಿಂದಲೇ ಆಗಬೇಕು.

ಅದೇ ಹೊತ್ತಿಗೆ ಬ್ಯಾಂಕಿಗೂ ಬರಹದಲ್ಲಿ ತಿಳಿಸಬೇಕು. 2017ರ ಜುಲೈ 6ರ ರಿಸರ್ವ್ ಬ್ಯಾಂಕ್ ಸುತ್ತೋಲೆಯ ಪ್ರಕಾರ, ಗ್ರಾಹಕರದೂ ಬ್ಯಾಂಕಿನದೂ ತಪ್ಪಿಲ್ಲದೆ ಹಣ ಹೋದರೆ ಮೂರು ಕೆಲಸದ ದಿನಗಳೊಳಗೆ ತಿಳಿಸಿದವರಿಗೆ ನಷ್ಟದ ಹೊಣೆಯಿಲ್ಲ. ನಾಲ್ಕರಿಂದ ಏಳು ದಿನವಾದರೆ ಸಾಮಾನ್ಯ ಉಳಿತಾಯ ಖಾತೆಗೆ ಹೊಣೆ 10,000 ರೂಪಾಯಿಗೆ ಮೀರಬಾರದು. ದೂರು ಕೊಟ್ಟ 10 ಕೆಲಸದ ದಿನಗಳೊಳಗೆ ಆ ಮೊತ್ತವನ್ನು ಬ್ಯಾಂಕು ಖಾತೆಗೆ ತಾತ್ಕಾಲಿಕವಾಗಿ ಹಾಕಬೇಕು, ಗ್ರಾಹಕರ ತಪ್ಪಿದೆ ಎಂದು ಸಾಧಿಸುವ ಭಾರವೂ ಬ್ಯಾಂಕಿನದೇ. ಒಟಿಪಿ ನಾವೇ ಹೇಳಿದ್ದರೆ ತಿಳಿಸುವವರೆಗಿನ ನಷ್ಟ ನಮ್ಮದು, ತಿಳಿಸಿದ ಮೇಲಿನದು ಬ್ಯಾಂಕಿನದು. 30 ದಿನಗಳಲ್ಲಿ ಉತ್ತರ ಬರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಹೋಗಬಹುದು.

ಖಾತೆಯೇ ಮುಚ್ಚಿಹೋಗಿದ್ದರೆ ಅಥವಾ ಕಳವಾಗಿದ್ದರೆ 2021ರ ಐಟಿ ನಿಯಮಗಳು ಕೆಲಸಕ್ಕೆ ಬರುತ್ತವೆ. ದೊಡ್ಡ ಜಾಲತಾಣಗಳು ಭಾರತದಲ್ಲೇ ನೆಲೆಸಿರುವ ಕುಂದುಕೊರತೆ ಅಧಿಕಾರಿಯನ್ನು ನೇಮಿಸಬೇಕು. ದೂರು ತಲುಪಿತೆಂದು 24 ಗಂಟೆಯೊಳಗೆ ಹೇಳಬೇಕು. ತೀರ್ಮಾನಕ್ಕೆ ಮೂಲ ನಿಯಮ ಕೊಟ್ಟದ್ದು 15 ದಿನ. ಅವರ ಉತ್ತರ ಸಮಾಧಾನ ತರದಿದ್ದರೆ 30 ದಿನಗಳೊಳಗೆ ಕುಂದುಕೊರತೆ ಮೇಲ್ಮನವಿ ಸಮಿತಿಗೆ ಆನ್‌ಲೈನ್‌ನಲ್ಲೇ ಹೋಗಬಹುದು. ಇಂಥ ಮೂರು ಸಮಿತಿಗಳನ್ನು ಕೇಂದ್ರ 2023ರ ಜನವರಿಯಲ್ಲಿ ರಚಿಸಿತು. ಹೈಕೋರ್ಟಿಗೆ ಹೋಗುವ ಶಕ್ತಿ ಇಲ್ಲದವರಿಗೆ ಇದು ದೊಡ್ಡ ಅನುಕೂಲ. ಈ ಸಮಿತಿ ಇದೆ ಎಂಬುದೇ ಹೆಚ್ಚಿನವರಿಗೆ ಗೊತ್ತಿಲ್ಲ. ಕಂಪನಿಗಳ ಸಹಾಯ ಪುಟಗಳಲ್ಲಿ ಅಧಿಕಾರಿಯ ವಿಳಾಸ ಹುಡುಕುವುದೂ ತಾಳ್ಮೆಯ ಕೆಲಸ.

ದುಡ್ಡು ಕೊಟ್ಟು ಕೊಂಡ ಸೇವೆಯಾದರೆ, ಅಂದರೆ ಹೆಚ್ಚಿನ ಸ್ಟೋರೇಜ್, ಚಂದಾ, ಆನ್‌ಲೈನ್ ಖರೀದಿ, ಆಗ ನೀವು ಗ್ರಾಹಕರು. 2019ರ ಕಾಯ್ದೆ ವಾಸದ ಊರಿನಲ್ಲೇ ದೂರು ಕೊಡಲು ಬಿಡುತ್ತದೆ. ಕಂಪನಿ ಕ್ಯಾಲಿಫೋರ್ನಿಯಾದಲ್ಲಿದ್ದರೂ ಕೆತ್ತಿಯವರು ಉದಕಮಂಡಲದ ಜಿಲ್ಲಾ ಗ್ರಾಹಕರ ಆಯೋಗದ ಮುಂದೆ ಅದನ್ನು ನಿಲ್ಲಿಸಬಹುದು, 5 ಲಕ್ಷ ರೂಪಾಯಿವರೆಗಿನ ವ್ಯವಹಾರಕ್ಕೆ ಶುಲ್ಕವೂ ಇಲ್ಲ. ಅದಕ್ಕೂ ಮೊದಲು 1915 ಸಂಖ್ಯೆಯ ಗ್ರಾಹಕ ಸಹಾಯವಾಣಿಯಲ್ಲಿ ಪ್ರಯತ್ನಿಸಬಹುದು. ರದ್ದು ಮಾಡುವ ಗುಂಡಿಯನ್ನು ಬಚ್ಚಿಡುವುದು, ಹೇಳದೆ ಚಂದಾ ಮುಂದುವರಿಸುವುದು ಮುಂತಾದ 13 ಬಗೆಯ ‘ಡಾರ್ಕ್ ಪ್ಯಾಟರ್ನ್’ ತಂತ್ರಗಳನ್ನು 2023ರ ನವೆಂಬರ್ 30ರ ಮಾರ್ಗಸೂಚಿ ನಿಷೇಧಿಸಿದೆ.

ಇನ್ನು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ. ಇದರ ಬೇರಿನಲ್ಲಿ ಕನ್ನಡಿಗರೊಬ್ಬರಿದ್ದಾರೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ 2012ರಲ್ಲಿ, ಎಂಬತ್ತು ದಾಟಿದ ವಯಸ್ಸಿನಲ್ಲಿ, ಆಧಾರ್ ವಿರುದ್ಧ ಹಾಕಿದ ಅರ್ಜಿಯಿಂದಲೇ 2017ರ ಆಗಸ್ಟ್ 24ರಂದು ಖಾಸಗಿತನ ಮೂಲಭೂತ ಹಕ್ಕಾಯಿತು. ಹೊಸ ಕಾಯ್ದೆಗೆ ಸೇವೆ ಉಚಿತವೇ ಅಲ್ಲವೇ ಎಂಬುದು ಮುಖ್ಯವಲ್ಲ. ಮಾಹಿತಿ ಸೋರಿದರೆ ಬಾಧಿತರಿಗೂ ತಿಳಿಸಬೇಕು, ದಂಡ 250 ಕೋಟಿ ರೂಪಾಯಿವರೆಗೂ ಹೋಗಬಹುದು. 2025ರ ನವೆಂಬರ್‌ನಲ್ಲಿ ನಿಯಮಗಳು ಪ್ರಕಟವಾದವು. ಮುಖ್ಯ ಭಾಗಗಳು ಜಾರಿಗೆ ಬರಲು ಅಲ್ಲಿಂದ 18 ತಿಂಗಳ ಗಡುವು. ಕೊರತೆಯೂ ದೊಡ್ಡದೇ. ದಂಡದ ಹಣ ಸರ್ಕಾರದ ಬೊಕ್ಕಸಕ್ಕೆ, ನಷ್ಟವಾದವರ ಕೈಗಲ್ಲ. ಪರಿಹಾರ ಕೇಳಲು ಇದ್ದ ಐಟಿ ಕಾಯ್ದೆಯ 43ಎ ವಿಧಿಯನ್ನೂ ಇದೇ ಕಾಯ್ದೆ ತೆಗೆದುಹಾಕುತ್ತದೆ.

ಯಾವ ಭಾಷೆಯಲ್ಲಿ ಒಪ್ಪಿಗೆ?

ಒಪ್ಪಿಗೆ ಕೇಳುವ ಸೂಚನೆಯನ್ನು ಇಂಗ್ಲಿಷ್‌ನಲ್ಲಿ ಅಥವಾ ಸಂವಿಧಾನದ ಎಂಟನೇ ಪರಿಚ್ಛೇದದ 22 ಭಾಷೆಗಳಲ್ಲಿ ಓದಲು ಅವಕಾಶ ಕೊಡಬೇಕೆಂದು ಈ ಕಾಯ್ದೆ ಹೇಳುತ್ತದೆ. ಒಳ್ಳೆಯ ಮಾತು, ಕನ್ನಡ, ತಮಿಳು ಎರಡೂ ಬಂದವು. ಆದರೆ ಕೆತ್ತಿಯ ಹಟ್ಟಿಗಳಲ್ಲಿ ಮನೆಮಾತು ಬಡಗ, ಅದು ಪರಿಚ್ಛೇದದಲ್ಲಿಲ್ಲ. ದಕ್ಷಿಣ ಕನ್ನಡ, ಕಾಸರಗೋಡಿನ ತುಳುವೂ ಇಲ್ಲ. ಒಟಿಪಿಯ ಕೆಳಗೆ ‘ಯಾರಿಗೂ ಹೇಳಬೇಡಿ’ ಎಂದು ಬರುವ ಎಚ್ಚರಿಕೆ ಬಹುಪಾಲು ಇಂಗ್ಲಿಷಿನಲ್ಲೇ. ಅದನ್ನು ಓದಲಾರದ ಹಿರಿಯರು ಮೊಮ್ಮಕ್ಕಳನ್ನೋ ಅಂಗಡಿಯವರನ್ನೋ ಕೇಳುತ್ತಾರೆ, ಅಲ್ಲಿಗೆ ಗುಟ್ಟು ಗುಟ್ಟಾಗಿ ಉಳಿಯುವುದಿಲ್ಲ. ವಂಚಕ ಮಾತ್ರ ಜನರ ಭಾಷೆಯಲ್ಲೇ ಮಾತಾಡುತ್ತಾನೆ.

ಕಾಪಾಡಿಕೊಳ್ಳುವ ಕ್ರಮ

ಎಲ್ಲ ಖಾತೆಗಳನ್ನೂ ಸಮನಾಗಿ ಕಾಯಲಾಗದು. ಯಾವುದು ಕಳೆದರೆ ಉಳಿದದ್ದೆಲ್ಲ ಕಳೆಯುತ್ತದೋ ಅದನ್ನು ಮೊದಲು ಭದ್ರಪಡಿಸಬೇಕು. ಆ ಲೆಕ್ಕದಲ್ಲಿ ಮೊದಲನೆಯದು ಸಿಮ್. ಅದು ನಿಮ್ಮದೇ ಹೆಸರಿನಲ್ಲಿದೆಯೇ, ನಿಮ್ಮ ಹೆಸರಿನಲ್ಲಿ ಬೇರೆ ಸಿಮ್‌ಗಳಿವೆಯೇ ಎಂದು ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಪೋರ್ಟಲ್‌ನಲ್ಲಿ ನೋಡಬಹುದು. ರೀಚಾರ್ಜ್ ಮಾಡದೆ ಬಿಟ್ಟ ಸಂಖ್ಯೆ ರದ್ದಾಗಿ 90 ದಿನ ಕಳೆದ ಮೇಲೆ ಬೇರೆಯವರಿಗೆ ಹೋಗಬಹುದೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ 2023ರಲ್ಲಿ ಸುಪ್ರೀಂ ಕೋರ್ಟಿಗೇ ತಿಳಿಸಿದೆ. ಹಳೆಯ ಸಂಖ್ಯೆ ಬಿಡುವ ಮುನ್ನ ಬ್ಯಾಂಕು, ಆಧಾರ್, ಮೇಲ್, ವಾಟ್ಸ್ಆ್ಯಪ್ ಎಲ್ಲದರಲ್ಲೂ ಬದಲಾಯಿಸಲೇಬೇಕು. ಕರೆಗಳು ಬೇರೆಡೆ ತಿರುಗುತ್ತಿವೆಯೇ ಎಂದು *#21# ಒತ್ತಿ ತಿಳಿಯಬಹುದು.

ಎರಡನೆಯದು ಇಮೇಲ್, ಬೇರೆಲ್ಲ ಪಾಸ್‌ವರ್ಡ್ ಬದಲಿಸುವ ಕೊಂಡಿ ಬರುವುದು ಅಲ್ಲಿಗೇ. ಅದಕ್ಕೆ ಬೇರೆಲ್ಲೂ ಬಳಸದ ಉದ್ದನೆಯ ಪಾಸ್‌ವರ್ಡ್ ಇರಲಿ. ಮೂರು ತಿಂಗಳಿಗೊಮ್ಮೆ ಬದಲಿಸಿ ಎಂಬ ಹಳೆಯ ಸಲಹೆಯನ್ನು ಅಮೆರಿಕದ ಮಾನಕ ಸಂಸ್ಥೆ ನಿಸ್ಟ್ 2017ರಲ್ಲೇ ಕೈಬಿಟ್ಟಿದೆ. ಪದೇ ಪದೇ ಬದಲಿಸುವವರು ಕೊನೆಯ ಅಂಕಿಯೊಂದನ್ನು ತಿದ್ದಿ ಸುಮ್ಮನಾಗುತ್ತಾರೆ. ಬೆಟ್ಟದ ಊರುಗಳಲ್ಲಿ ಸಿಗ್ನಲ್ ಹೋಗಿ ಒಟಿಪಿ ತಡವಾಗುವುದು ಮಾಮೂಲು. ಅದಕ್ಕೆ ಅಥೆಂಟಿಕೇಟರ್ ಆ್ಯಪ್ ವಾಸಿ. ಅದು ಫೋನಿನ ಗಡಿಯಾರ ನೋಡಿಕೊಂಡು ಅರ್ಧ ನಿಮಿಷಕ್ಕೊಮ್ಮೆ ಸಂಖ್ಯೆ ಕೊಡುತ್ತದೆ, ನೆಟ್‌ವರ್ಕ್ ಬೇಕಿಲ್ಲ. ಪಾಸ್‌ಕೀ (ಪಾಸ್‌ವರ್ಡ್ ಬದಲು ಫೋನಿನ ಬೆರಳಚ್ಚು, ಪಿನ್‌ನಿಂದಲೇ ತೆರೆಯುವ ಕೀಲಿ) ಇನ್ನೂ ಒಳ್ಳೆಯದು, ನಕಲಿ ವೆಬ್‌ಸೈಟಿಗೆ ಅದನ್ನು ಕೊಡಬೇಕೆಂದರೂ ಕೊಡಲಾಗದು. ಗೂಗಲ್ ಕೊಡುವ ಹತ್ತು ಬ್ಯಾಕಪ್ ಕೋಡ್‌ಗಳನ್ನು ಕಾಗದದ ಮೇಲೆ ಬರೆದು ಜಮೀನಿನ ಪತ್ರಗಳ ಜತೆ ಇಡಿ. ಎರಡು ವರ್ಷ ಮುಟ್ಟದ ಖಾತೆಯನ್ನು ಗೂಗಲ್ ಅಳಿಸಬಹುದು ಎನ್ನುವುದೂ ನೆನಪಿರಲಿ. ತೀರಿಹೋದವರ ಫೋಟೊಗಳಿರುವ ಮೇಲ್ ಇದ್ದರೆ ಪ್ರತಿ ಬೇರೆಡೆ ಇಟ್ಟುಕೊಳ್ಳಿ.

ಮೂರನೆಯದು ವಾಟ್ಸ್ಆ್ಯಪ್. ಎರಡು ಹಂತದ ಪಿನ್ ಹಾಕಿ, ಜೋಡಿಸಿದ ಸಾಧನಗಳ ಪಟ್ಟಿಯನ್ನು ಆಗಾಗ ನೋಡಿ. ಇನ್ನು ಬ್ಯಾಂಕಿನ ವೆಬ್‌ಸೈಟ್ ಅಸಲಿಯೇ ಎಂದು ತಿಳಿಯಲು ಈಗೊಂದು ಗುರುತಿದೆ. ರಿಸರ್ವ್ ಬ್ಯಾಂಕಿನ ಆದೇಶದಂತೆ ಬ್ಯಾಂಕುಗಳು 2025ರ ಅಕ್ಟೋಬರ್ 31ರೊಳಗೆ ‘ಬ್ಯಾಂಕ್ ಡಾಟ್ ಇನ್’ ಎಂದು ಕೊನೆಯಾಗುವ ವಿಳಾಸಕ್ಕೆ ಹೋಗಬೇಕಿತ್ತು.

ಇಷ್ಟೆಲ್ಲ ಮಾಡಿದರೂ ಭಾರ ಬಳಕೆದಾರನ ಹೆಗಲ ಮೇಲೇ ಉಳಿಯುತ್ತದೆ ಎಂಬುದು ಈ ಬರಹದ ಸಾರ. ಸಿಗ್ನಲ್ ಇಲ್ಲದ ಊರಿನ ವೃದ್ಧೆಗೂ ಕಂಪನಿಯ ಎಂಜಿನಿಯರಿಗೂ ಒಂದೇ ಎಚ್ಚರ ಇರಬೇಕೆಂದು ಬಯಸುವ ವ್ಯವಸ್ಥೆ ಸರಿಯಾದದ್ದಲ್ಲ. ಇಂತಿಷ್ಟು ಬಳಕೆದಾರರಿಗಿಂತ ಹೆಚ್ಚಿರುವ ಕಂಪನಿ ಖಾತೆ ಮುಚ್ಚುವ ಮುನ್ನ ಕಾರಣ ಹೇಳಿ, ಮನುಷ್ಯರಿಂದಲೇ ಮರುಪರಿಶೀಲನೆ ಮಾಡಿಸಬೇಕು. ಉಚಿತ ಸೇವೆಯ ಬಳಕೆದಾರನನ್ನೂ ಗ್ರಾಹಕನೆಂದು ಕಾನೂನು ಎಣಿಸಬೇಕು. ಸೋರಿಕೆಯ ದಂಡದಲ್ಲಿ ಒಂದು ಪಾಲು ನೊಂದವರಿಗೆ ಸಿಗಬೇಕು. ಈ ಮೂರೂ ತಾವಾಗಿ ಬರುವುದಿಲ್ಲ. ಖಾತೆ ಹೋಯಿತೆಂದು ಬೈದು ಸುಮ್ಮನಾಗಿ ಹೊಸ ಖಾತೆ ತೆರೆದವನ ದೂರು ಎಲ್ಲೂ ದಾಖಲಾಗುವುದಿಲ್ಲ. ಕುಂದುಕೊರತೆ ಅಧಿಕಾರಿಗೆ ಬರೆದು, ದೂರಿನ ಸಂಖ್ಯೆ ಇಟ್ಟುಕೊಂಡು, ಮೇಲ್ಮನವಿಯವರೆಗೆ ಹೋದವನ ದೂರು ದಾಖಲೆಗೆ ಸೇರುತ್ತದೆ. ನಾಳೆ ಕಾನೂನು ತಿದ್ದುವವರು ಲೆಕ್ಕಕ್ಕೆ ತೆಗೆದುಕೊಳ್ಳುವುದು ಬರಹದಲ್ಲಿರುವ ಆ ದೂರುಗಳನ್ನೇ.